ಏಳನೇ ನಂಬರಿನ ಕ್ಯಾಸೆಟ್

ನನ್ನ ಸೊಸೆ ಸತ್ತು ಮೂರು ವಾರಕ್ಕೆ ನಾನು ಅವಳ ಜಾಗದಲ್ಲಿ ಹೋಗಿ ಕೂತು ಸ್ಪ್ಯಾನಿಷ್ ಕಲಿಯೋಕೆ ಶುರು ಮಾಡಿದೆ. ನನಗೆ ಆಗ ಅರವತ್ತೆರಡು. ಓದಿದ್ದು ಮೂರನೇ ಕ್ಲಾಸು. ಕೇಳಿದವರೆಲ್ಲ ಮುದುಕಿಗೆ ತಲೆ ಕೆಟ್ಟಿದೆ ಅಂದರು. ತಲೆ ಚೆನ್ನಾಗೇ ಇತ್ತು. ಕಾರಣ ಬೇರೆ. ಅದನ್ನ ಆಗ ಯಾರಿಗೂ ಹೇಳಲಿಲ್ಲ, ಈಗ ಬರೀತಾ ಇದೀನಿ. ಕಾಗುಣಿತ ತಪ್ಪಿದ್ದರೆ ತಿದ್ದಿಕೊಂಡು ಓದಿ.

ಮೆಟ್ರೊ ಇನ್ನೂ ಬಂದಿರಲಿಲ್ಲ. ಗೋವಿಂದರಾಜನಗರದಲ್ಲಿ ಬಾಡಿಗೆಗೆ ಇದ್ವಿ. ಒಂದು ರೂಮು, ಒಂದು ಅಡುಗೆಮನೆ, ನಡುವೆ ಒಂದು ಗೋಡೆ. ನಾನು, ಮಗ, ಸೊಸೆ. ಮಗನಿಗೆ ಕಾಮಾಕ್ಷಿಪಾಳ್ಯದಲ್ಲಿ ಲೇತ್ ಕೆಲಸ. ನಾನು ವಿಜಯನಗರದ ಒಂದು ಕಾಲೇಜಲ್ಲಿ ಆಯಾ. ಗುಡಿಸೋದು, ಬೋರ್ಡ್ ಒರೆಸೋದು, ರೂಮುಗಳ ಬೀಗ ತೆಗೆಯೋದು, ಹಾಕೋದು. ಸೊಸೆ ಮೈಸೂರು ರೋಡಿನ ಒಂದು ಗಾರ್ಮೆಂಟ್ಸಲ್ಲಿ ಟೈಲರ್. ಎಂಟು ವರ್ಷದಿಂದ ಅವಳದು ಒಂದೇ ಕೆಲಸ. ಶರ್ಟಿನ ಪಕ್ಕದ ಹೊಲಿಗೆ ಒಳಗೆ ಬೆರಳುದ್ದದ ಬಿಳೀ ಲೇಬಲ್ ಇಟ್ಟು ಹೊಲಿಯೋದು. ಶರ್ಟೆಲ್ಲ ಸ್ಪೇನ್ ಅನ್ನೋ ದೇಶಕ್ಕೆ ಹೋಗ್ತಿತ್ತು. ಲೇಬಲ್ ಮೇಲೆ ಆ ದೇಶದ ಭಾಷೆ. ಇಂಗ್ಲಿಷ್ ಅಕ್ಷರದ ಹಾಗೇ ಇದೆ ಆದರೆ ಇಂಗ್ಲಿಷ್ ಅಲ್ಲ ಅಂತ ಅವಳು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಲೇಬಲ್ ತಂದು ನನಗೆ ತೋರಿಸಿದ್ದಳು. ನನಗೆ ಎರಡೂ ಒಂದೇ ಅಂದಿದ್ದೆ. ಆಗ ಮಾತಾಡ್ತಿದ್ವಿ.

ಮಾತು ಬಿಟ್ಟಿದ್ದು ನನ್ನ ಗಂಡನ ತಿಥಿ ದಿನ. ಅವಳಿಗೆ ಫ್ಯಾಕ್ಟರಿಯಲ್ಲಿ ಅರ್ಜೆಂಟ್ ಆರ್ಡರ್ ಇತ್ತು, ಅರ್ಧ ದಿನ ಮಾತ್ರ ರಜ ಕೊಟ್ಟಿದ್ದರು. ಬೆಳಗಿನ ಜಾವದಿಂದ ಅಡುಗೆ ಮಾಡಿದ್ದಳು, ನೆಂಟರಿಗೆ ಬಡಿಸ್ತಾ ಇದ್ದಳು. ಅರ್ಧ ಪಂಕ್ತಿಗೆ ಬಂದು, ನಾನು ಹೊರಡ್ತೀನಿ ಅತ್ತೆ, ಬಸ್ಸಿಗೆ ಹೊತ್ತಾಯ್ತು ಅಂದಳು. ನಾನು ಎಲ್ಲರಿಗೂ ಕೇಳೋ ಹಾಗೆ ಅಂದೆ: "ಹೆರದೋಳಿಗೆ ಸತ್ತೋರ ಬೆಲೆ ಏನು ಗೊತ್ತಾಗತ್ತೆ."

ಮದುವೆಯಾಗಿ ಒಂಬತ್ತು ವರ್ಷ, ಮಕ್ಕಳಾಗಿರಲಿಲ್ಲ. ಮಾತು ಬಾಯಿ ತಪ್ಪಿ ಬಂತು ಅಂತ ಸುಳ್ಳು ಹೇಳಲ್ಲ. ನೋಯಲಿ ಅಂತಲೇ ಅಂದೆ. ಅವಳು ಕೈಯಲ್ಲಿದ್ದ ಸೌಟನ್ನ ಶಬ್ದ ಬಾರದ ಹಾಗೆ ಕೆಳಗಿಟ್ಟಳು. ಕೈ ತೊಳೆದುಕೊಂಡು ಬಸ್ಸಿಗೆ ಹೋದಳು. ಸಾಯಂಕಾಲ ಬಂದಾಗಿನಿಂದ ನನ್ನ ಜೊತೆ ಮಾತಿಲ್ಲ. ನಾನೂ ಬಿಟ್ಟೆ. ಒಂದು ವರ್ಷ ಎರಡು ತಿಂಗಳು.

ಒಂದೇ ಮನೇಲಿ ಮಾತು ಬಿಟ್ಟು ಬದುಕೋದು ಹೇಗೆ ಅಂತ ನಮ್ಮ ಕಡೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಗ ಇದ್ದರೆ ಅವನ ಮೂಲಕ. ನಿಮ್ಮಮ್ಮಂಗೆ ಹೇಳಿ ಅಕ್ಕಿ ಮುಗಿದಿದೆ ಅಂತ ಅವಳು ಹೇಳೋಳು, ನಾನು ಒಂದು ಮೊಳ ದೂರದಲ್ಲಿ ಸೊಪ್ಪು ಬಿಡಿಸ್ತಾ ಕೂತಿರ್ತಿದ್ದೆ. ಅವನು ಇಲ್ಲದಾಗ ಗೋಡೆಗೆ. ನಾನು ರೂಮಲ್ಲಿ ಕೂತು ಗೋಡೆಗೆ ಹೇಳೋದು: "ಹಾಲು ಉಕ್ಕೋ ಹೊತ್ತಾಯ್ತು." ಆ ಕಡೆ ಸ್ಟವ್ ಆರಿಸಿದ ಶಬ್ದ ಬರೋದು. ಅವಳು ಅಡುಗೆಮನೆಯಿಂದ ಗೋಡೆಗೆ ಹೇಳೋಳು, ನೀರು ಬಂದಿದೆ, ಹಿಡಿಯೋರು ಹಿಡೀಬಹುದು ಅಂತ. ನಾನು ಬಿಂದಿಗೆ ತಗೊಂಡು ಹೋಗ್ತಿದ್ದೆ. ಕೆಲಸ ಯಾವುದೂ ನಿಲ್ಲಲಿಲ್ಲ.

ಇನ್ನೊಂದು ಮಾಡ್ತಿದ್ದೆ, ಅದನ್ನೂ ಬರೀತೀನಿ. ಬೆಳಗಿನ ಕಾಫಿ ನನ್ನದು. ಮೊದಲು ಮೂರು ಲೋಟಕ್ಕೂ ಒಂದೇ ಹಾಲು. ಮಾತು ಬಿಟ್ಟ ಮೇಲೆ ಅವಳ ಲೋಟಕ್ಕೆ ನೀರು ಬೆರೆಸಿದ ಹಾಲು. ಅವಳು ಕುಡಿದು, ಲೋಟ ತೊಳೆದು ಬೋರಲು ಹಾಕಿ ಹೋಗೋಳು. ಗೊತ್ತಾಗದೇ ಇರೋಕೆ ಅವಳು ದಡ್ಡಿ ಅಲ್ಲ.

ಆ ಜನವರಿಯಲ್ಲಿ ನಮ್ಮ ಕಾಲೇಜಲ್ಲಿ ಶನಿವಾರ ಮಧ್ಯಾಹ್ನ ಹೊರಗಿನವರಿಗೆ ಅಂತ ಸ್ಪ್ಯಾನಿಷ್ ಕ್ಲಾಸ್ ತೆಗೆದರು. ಏನೂ ಬಾರದವರಿಗೆ ಮೊದಲಿಂದ ಹೇಳಿಕೊಡೋ ಕ್ಲಾಸು. ಊಟಕ್ಕೆ ಕೂತಾಗ ನಾನು ಮಗನಿಗೆ ತಮಾಷೆಗೆ ಹೇಳಿದೆ, ಆ ಶರ್ಟಿನ ಚೀಟಿ ಭಾಷೇನೂ ಕಲಿಸ್ತಾರಂತೆ ಕಣೋ, ಇನ್ನು ಏನೇನು ಕಲಿಸ್ತಾರೋ ಅಂತ. ಬಡಿಸ್ತಾ ಇದ್ದ ಅವಳ ಕೈ ಒಂದು ಗಳಿಗೆ ನಿಂತಿತು. ಮುಂದಿನ ಶನಿವಾರ ನಾನು ಬೀಗ ತೆಗೆಯೋಕೆ ಹೋದರೆ ರೂಮಿನ ಬಾಗಿಲ ಮುಂದೆ ಅವಳೇ ನಿಂತಿದ್ದಾಳೆ, ಕೈಯಲ್ಲಿ ಒಂದು ನೋಟ್‌ಬುಕ್ಕು. ಫ್ಯಾಕ್ಟರಿ ಶನಿವಾರ ಅರ್ಧ ದಿನ. ನಾನು ಬೀಗ ತೆಗೆದೆ, ಅವಳು ಒಳಗೆ ಹೋದಳು. ಐದು ತಿಂಗಳು ಪ್ರತಿ ಶನಿವಾರ ಹೀಗೇ. ಮುಖ ನೋಡಲಿಲ್ಲ. ಮಗನಿಗೆ ಮಾತ್ರ ಕಾರಣ ಹೇಳಿದ್ದಳಂತೆ: "ಎಂಟು ವರ್ಷದಿಂದ ಹೊಲೀತಾ ಇದೀನಿ. ಏನು ಹೊಲೀತಾ ಇದೀನಿ ಅಂತ ಗೊತ್ತಾಗೋದು ಬೇಡ್ವಾ?"

ಏಪ್ರಿಲಲ್ಲಿ ಒಂದು ಭಾನುವಾರ ಹಾಲು ಉಕ್ಕಿತು. ನಾನು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದೆ, ಅವಳು ಬಚ್ಚಲ ಹತ್ತಿರ ಪಾತ್ರೆ ಉಜ್ಜುತಾ ಇದ್ದಳು. ಸ್ಟವ್ ಇಬ್ಬರಿಗೂ ಒಂದೇ ದೂರ. ಹಾಲು ಮೇಲೆ ಬರ್ತಾ ಇರೋದು ನನಗೆ ಕಾಣ್ತಿದೆ, ಅವಳಿಗೂ ಕಾಣ್ತಿದೆ. ಗೋಡೆ ನಡುವೆ ಇಲ್ಲ, ಹಾಗಾಗಿ ಗೋಡೆಗೆ ಹೇಳೋ ಹಾಗಿಲ್ಲ. ನಾನು ಹೇಳಿದರೆ ಅವಳ ಜೊತೆ ಮಾತಾಡಿದ ಹಾಗೆ. ಅವಳೇ ಆರಿಸಲಿ ಅಂತ ನಾನು, ಅತ್ತೆಯೇ ಆರಿಸಲಿ ಅಂತ ಅವಳು. ಒಂದು ಲೀಟರ್ ಹಾಲು ಸುರಿದು ಉರಿ ಆರಿಹೋಯ್ತು. ನನಗೆ ನಗು ಬಂತು. ತಡೆಯೋಕಾಗಲಿಲ್ಲ. ಗೋಡೆ ಕಡೆ ತಿರುಗಿ ಸೆರಗನ್ನ ಬಾಯಿಗೆ ಒತ್ತಿಕೊಂಡು ನಕ್ಕು, ಮುಖ ಗಂಟು ಹಾಕಿಕೊಂಡು ಹೊರಗೆ ಹೋದೆ. ಅವಳು ನೋಡಿದ್ದರೆ ನನ್ನ ಮರ್ಯಾದೆ ಹೋಗ್ತಿತ್ತು.

ಮೇ ಕೊನೆಯಲ್ಲಿ ಅವಳಿಗೆ ಜ್ವರ ಬಂತು. ನಾಲ್ಕು ದಿನ ಮಾತ್ರೆ ನುಂಗಿಕೊಂಡು ಕೆಲಸಕ್ಕೆ ಹೋದಳು. ಐದನೇ ದಿನ ಏಳಲಿಲ್ಲ, ಆಸ್ಪತ್ರೆಗೆ ಸೇರಿಸಿದ್ವಿ. ನಾನು ಪಕ್ಕದಲ್ಲಿ ಕೂತಿದ್ದೆ. ಆಗಲೂ ಮಾತಾಡಲಿಲ್ಲ. ತೂಗು ಹಾಕಿದ್ದ ಗ್ಲೂಕೋಸ್ ಬಾಟಲಿ ನೋಡಿಕೊಂಡು, ನೀರು ಬೇಕಾದೋರಿಗೆ ಇದೆ ಅಂತ ಹೇಳಿದೆ. ಅವಳು ಕಣ್ಣು ಮುಚ್ಚಿಕೊಂಡೇ ಬಾಯಿ ತೆರೆದಳು. ಎರಡು ಚಮಚ ಹಾಕಿದೆ. ಮಾರನೇ ದಿನ ಮಧ್ಯಾಹ್ನ ಹೋದಳು. ಮೂವತ್ತೊಂದು ವಯಸ್ಸು. ಅದರಲ್ಲಿ ಬರೆಯೋಕೆ ಇನ್ನೇನಿಲ್ಲ.

ಹನ್ನೊಂದರ ಕೆಲಸ ಮುಗಿದು ನೆಂಟರು ಹೊರಟುಹೋದ ಮೇಲೆ ಹಾಲಿಟ್ಟು ರೂಮಿಗೆ ಬಂದು ಕೂತೆ. ಹಾಲು ಉಕ್ಕೋ ಹೊತ್ತಾಯ್ತು ಅಂತ ಗೋಡೆಗೆ ಹೇಳಿದೆ. ಸ್ಟವ್ ಆರಿದ ಶಬ್ದಕ್ಕೆ ಕಾದೆ. ಬರಲಿಲ್ಲ. ಸೀದ ವಾಸನೆ ಬಂದಾಗ ಎದ್ದು ಹೋದೆ.

ಜೂನಲ್ಲಿ ಕೆಲಸಕ್ಕೆ ಹೋದ ಮೊದಲನೇ ಶನಿವಾರ ಸ್ಪ್ಯಾನಿಷ್ ಮೇಡಮ್ಮು ನನ್ನನ್ನ ಹುಡುಕಿಕೊಂಡು ಬಂದರು. ನಾನು ಮೆಟ್ಟಿಲು ಒರೆಸ್ತಾ ಇದ್ದೆ. ನನ್ನ ವಯಸ್ಸಿಗೆ ಹತ್ತು ವರ್ಷ ಕಮ್ಮಿ ಇರಬಹುದು, ಇಪ್ಪತ್ತು ವರ್ಷ ಆ ದೇಶದಲ್ಲೇ ಇದ್ದು ಬಂದವರು. ಕನ್ನಡ ಪುಸ್ತಕದಿಂದ ಓದಿದ ಹಾಗೆ ಆಡೋರು. ಹೇಳಬೇಕಾದ ನಾಲ್ಕು ಮಾತು ಹೇಳಿ, ಆಮೇಲೆ ಅಂದರು: "ಕಳೆದ ತಿಂಗಳು 'ನನ್ನ ಮನೆ' ಎಂಬ ಪಾಠಕ್ಕೆ ಅವಳು ನಿಮ್ಮ ಬಗ್ಗೆಯೇ ಹೆಚ್ಚು ಮಾತಾಡಿದ್ದಾಳೆ ಅಮ್ಮ. ಕ್ಯಾಸೆಟ್ ಇದೆ. ಕೇಳುತ್ತೀರಾ?"

ಆ ಕ್ಲಾಸಿನ ಪದ್ಧತಿ ಅದು. ಹಿಂದಿನ ರೂಮಲ್ಲಿ ಪ್ಲೈವುಡ್ ಗೂಡುಗಳು, ಒಂದೊಂದರಲ್ಲಿ ಒಂದೊಂದು ಟೇಪ್‌ರೆಕಾರ್ಡರು, ಕಿವಿಗೆ ಹಾಕೋದು. ಒಬ್ಬೊಬ್ಬರಿಗೆ ಒಂದೊಂದು ಕ್ಯಾಸೆಟ್, ಮೇಲೆ ಅವರವರ ನಂಬರು. ತಿಂಗಳಿಗೊಂದು ಸಲ, ಹಿಂದಿನ ತಿಂಗಳದನ್ನ ಅಳಿಸಿ, ಮೂರು ನಿಮಿಷ ಆ ಭಾಷೇಲಿ ಮಾತಾಡಿ ತುಂಬಿಸಬೇಕು. ಅವಳದು ಏಳನೇ ನಂಬರು. ಆ ಮೆಷಿನ್ನುಗಳ ಧೂಳು ಒರೆಸೋಳು ನಾನೇ. ಅವಳು ಇಲ್ಲಿ ಕೂತು ನನ್ನ ಬಗ್ಗೆ ಮಾತಾಡ್ತಾಳೆ ಅಂತ ನನಗೇನು ಗೊತ್ತು.

ಕಿವಿಗೆ ಹಾಕಿಕೊಂಡೆ. ಒಂದು ಕೆಮ್ಮು. ಆಮೇಲೆ ಅವಳು. ಒಂದು ವರ್ಷದಿಂದ ಗೋಡೆ ಆಚೆಯಿಂದ ಕೇಳಿದ ದನಿ ಈಗ ಎರಡು ಕಿವಿಯೊಳಗೆ. ಮೆಲ್ಲಗೆ ಶುರು ಮಾಡಿ ಬರ್ತಾ ಬರ್ತಾ ಜೋರಾಯ್ತು. ಎರಡು ಸಲ ತಡವರಿಸಿದಳು. ನಡುವೆ ಒಂದು ಕಡೆ ನಕ್ಕಳು. ಕೊನೆಗೆ "ಆಯ್ ತಿಯೆಂಪೊ" ಅಂದಳು, ಟಕ್ ಅಂತ ನಿಂತುಹೋಯ್ತು. ಒಂದು ಮಾತೂ ಅರ್ಥ ಆಗಲಿಲ್ಲ. ಯಾತಕ್ಕೆ ನಕ್ಕಳು ಅನ್ನೋದೇ ನನ್ನನ್ನ ಹಿಡಿದುಕೊಂಡಿತು.

"ಅರ್ಥ ಹೇಳಲೇ ಅಮ್ಮ?" ಅಂತ ಮೇಡಮ್ಮು ಕೇಳಿದರು.

ಬೇಡ ಅಂದೆ. ನನ್ನ ಸೊಸೆ ನನ್ನ ಬಗ್ಗೆ ಆಡಿದ್ದನ್ನ ಹೊರಗಿನವರ ಬಾಯಿಂದ ಕೇಳೋ ದರಿದ್ರ ನನಗೆ ಬೇಡ. ಬೈದಿದ್ದರೆ ಅವಳ ಬಾಯಿಂದಲೇ ಬೈಸಿಕೊಳ್ತೀನಿ. ಈ ಭಾಷೆ ಕಲಿಯೋಕೆ ಎಷ್ಟು ದಿನ ಬೇಕು ಅಂತ ಕೇಳಿದೆ. ಅವರು ನಗಲಿಲ್ಲ. ಡಿಸೆಂಬರ್ ತನಕ ಕ್ಲಾಸ್ ಇದೆ ಅಂದರು. ಹತ್ತು ಜನಕ್ಕಿಂತ ಕಮ್ಮಿಯಾದರೆ ನಿಲ್ಲಿಸ್ತೀವಿ ಅಂತ ಕಾಲೇಜಿನವರು ಹೇಳಿದ್ದರಂತೆ, ಅವಳು ಹೋಗಿ ಒಂಬತ್ತಾಗಿತ್ತಂತೆ. ನಿಂತರೆ ಆ ಕ್ಯಾಸೆಟ್ಟುಗಳು ಬೇರೆ ಕ್ಲಾಸಿಗೆ ಹೋಗ್ತವೆ, ಇರೋದರ ಮೇಲೇ ಹೊಸದಾಗಿ ತುಂಬಿಸ್ತಾರೆ. ನಾನು ಹತ್ತನೆಯವಳಾದೆ, ಅವಳ ನಂಬರೇ ನನಗೆ, ತುಂಬಿಸೋಕೆ ಮಾತ್ರ ಬೇರೆ ಕ್ಯಾಸೆಟ್. ಅವರಿಗೂ ಬೇಕಾಗಿತ್ತು, ನನಗೂ ಬೇಕಾಗಿತ್ತು.

ಹಾಜರಿ ಕೂಗೋದು ಆ ಭಾಷೆಯ ಅಂಕಿಯಲ್ಲಿ. ಮೊದಲನೇ ದಿನ ಆರು ಆದ ಮೇಲೆ ಮೇಡಮ್ಮು "ಸಿಯೆತೆ" ಅಂದರು. ಏಳು. ಮುಂದಿನ ಬೆಂಚಿನ ಹುಡುಗಿ ತಿರುಗಿ ನನ್ನನ್ನ ನೋಡಿ ತಲೆ ಬಗ್ಗಿಸಿದಳು. ನಾನು "ಪ್ರೆಸೆಂತೆ" ಅಂದೆ. ಇದೀನಿ ಅಂತ. ಆ ಭಾಷೆಯಲ್ಲಿ ನಾನು ಆಡಿದ ಮೊದಲನೇ ಮಾತು ಅವಳ ಹೆಸರಲ್ಲಿ ಹೇಳಿದ ಸುಳ್ಳು.

ಮಿಕ್ಕವರೆಲ್ಲ ಓದಿದ ಹುಡುಗ ಹುಡುಗಿಯರು. ಒಬ್ಬ ಮೊದಮೊದಲು ಬಹಳ ಆಡಿಕೊಳ್ತಿದ್ದ. ಅಜ್ಜಿ, ವೀಸಾ ಬಂತಾ, ಸ್ಪೇನ್‌ಗೆ ಹೋಗಿ ಗೂಳಿ ಓಡಿಸ್ತೀರಾ ಅಂತ. ನಾನು ಹೇಳಿದೆ: "ಬೆಂಚಿನ ಕೆಳಗೆ ಅಂಟಿಸಿರೋ ಚೂಯಿಂಗ್ ಗಮ್ ಕೆರೆಯೋಳು ನಾನೇ ಕಣಪ್ಪ. ಯಾವ ಬೆಂಚಲ್ಲಿ ಯಾರು ಕೂರ್ತಾರೆ ಅಂತಲೂ ಗೊತ್ತು." ಆಮೇಲೆ ಅವನೇ ನನಗೆ ಪುಸ್ತಕದ ಪುಟ ತೆಗೆದುಕೊಡ್ತಿದ್ದ.

ಪುಸ್ತಕದಿಂದ ನನಗೆ ಪ್ರಯೋಜನ ಇರಲಿಲ್ಲ. ನಾನು ಕಿವಿಯಲ್ಲಿ ಕಲಿತೆ. ನಮ್ಮ ಸೋಬಾನೆ ಹಾಡುಗಳನ್ನ ನನಗೆ ಯಾರೂ ಬರೆದುಕೊಟ್ಟಿರಲಿಲ್ಲ, ಮುಂದೆ ಕೂತೋಳು ಹಾಡಿದ್ದನ್ನ ಹಿಂದೆ ಕೂತು ಹಿಡಿದಿದ್ದು. ಇದೂ ಹಾಗೇ. ಅವಳ ನೋಟ್‌ಬುಕ್ಕಲ್ಲಿ ಉಳಿದ ಹಾಳೆಗಳಲ್ಲಿ ಕನ್ನಡ ಅಕ್ಷರದಲ್ಲಿ ಬರ್ಕೊಳ್ತಿದ್ದೆ. ಮೊದಲನೇ ಅರ್ಧ ಅವಳ ಕೈಬರಹ, ಆಮೇಲೆ ನನ್ನ ಕಾಗೆ ಕಾಲು. ಕ್ಲಾಸ್ ಮುಗಿದ ಮೇಲೆ ಎಲ್ಲರೂ ಹೋಗ್ತಿದ್ದರು. ನಾನು ಕಸ ಗುಡಿಸಿ, ಬೀಗ ಹಾಕೋ ಮುಂಚೆ ಬೀರುವಿಂದ ಏಳನೇ ನಂಬರು ತೆಗೆದು ಕೇಳ್ತಿದ್ದೆ. ಬೀರು ಬೀಗದ ಕೈ ನನ್ನ ಸೊಂಟದಲ್ಲೇ ಇರ್ತಿತ್ತು.

ಜುಲೈ ಹೊತ್ತಿಗೆ ಮೊದಲಿನ ಒಂದೆರಡು ಮಾತು ಬಿಚ್ಚಿಕೊಂಡವು. ಮಿ ಕಾಸ ಎಸ್ ಪೆಕೇನ್ಯ. ನನ್ನ ಮನೆ ಚಿಕ್ಕದು. ಸರಿ, ಚಿಕ್ಕದೇ. ಎನ್ ಮಿ ಕಾಸ ಸೋಮೋಸ್ ತ್ರೆಸ್. ನಮ್ಮ ಮನೆಯಲ್ಲಿ ನಾವು ಮೂವರು. ಇದನ್ನ ಮೂರು ಸಲ ತಿರುಗಿಸಿ ಕೇಳಿದೆ. ಇಬ್ಬರು ಅಂತ ಹೇಳಬಹುದಾಗಿತ್ತು, ಹೇಳಿರಲಿಲ್ಲ. ಆಗಸ್ಟಲ್ಲಿ ಸ್ವೇಗ್ರ ಅಂದರೆ ಅತ್ತೆ ಅಂತ ಗೊತ್ತಾಯ್ತು. ಎಣಿಸಿದೆ. ಮೂರು ನಿಮಿಷದಲ್ಲಿ ಐದು ಸಲ ಸ್ವೇಗ್ರ. ಗಂಡನ ಹೆಸರು ಒಂದೇ ಸಲ.

ಆಮೇಲೆ ತಿಂಡಿ ತೀರ್ಥದ ಪಾಠ ಬಂತು. ಅವತ್ತು ಮೇಡಮ್ಮು ಬೋರ್ಡಲ್ಲಿ ಲೋಟದ ಚಿತ್ರ ಬರೆದು "ಲೇಚೆ" ಅಂದರು. ಹಾಲು. ಆ ಮಾತು ಕ್ಯಾಸೆಟ್ಟಲ್ಲಿ ಇತ್ತು. ಸ್ವೇಗ್ರ ಪಕ್ಕದಲ್ಲೇ, ಅವಳು ನಗೋದಕ್ಕೆ ಮುಂಚೆ. ಅತ್ತೆ, ಹಾಲು, ನಗು. ಇನ್ನೇನಿರತ್ತೆ? ಕಾಫಿ ಲೋಟದ ವಿಷಯ ಹೇಳಿದ್ದಾಳೆ. ಗೊತ್ತಿದ್ದೂ ಕುಡಿದಿದ್ದಾಳೆ, ಇಲ್ಲಿ ಬಂದು ಊರವರ ಮುಂದೆ ಹೇಳಿ ನಕ್ಕಿದ್ದಾಳೆ. ಅಷ್ಟು ದಿನ ನನಗೆ ಬೇಕಾಗಿದ್ದು ಅವಳು ಏನಂದಳು ಅನ್ನೋದು. ಅವತ್ತಿಂದ ಅದು ಬೇಡವಾಯ್ತು, ಆದರೆ ಬಿಡೋಕೂ ಆಗಲಿಲ್ಲ. ಮನೇಲಿ ಬೆಳಗ್ಗೆ ಎರಡು ಲೋಟ ಇಡೋ ಜಾಗದಲ್ಲಿ ಕೈ ಮೂರು ಇಡ್ತಿತ್ತು. ಮೂರನೇದಕ್ಕೆ ಗಟ್ಟಿ ಹಾಲು ಹಾಕಿ ಕಾಫಿ ಮಾಡಿ ಇಡ್ತಿದ್ದೆ. ಮಗ ಕೇಳಲಿಲ್ಲ. ಹೋಗೋವಾಗ ಅವನೇ ಅದನ್ನ ಕುಡಿದು ಹೋಗ್ತಿದ್ದ ಅಂತ ಕಾಣತ್ತೆ, ಸಾಯಂಕಾಲ ಲೋಟ ಖಾಲಿ ಇರ್ತಿತ್ತು. ನಾನೂ ಅವನನ್ನ ಕೇಳಲಿಲ್ಲ.

ಪಿತೃಪಕ್ಷ ಬಂತು. ಅಮಾವಾಸ್ಯೆ ದಿನ ನಮ್ಮಲ್ಲಿ ಸತ್ತೋರಿಗೆ ಎಡೆ ಇಡ್ತೀವಿ. ಅವರಿಗೆ ಇಷ್ಟವಾದ ಅಡುಗೆ, ಅವರು ಉಡ್ತಿದ್ದ ಬಟ್ಟೆ, ಬಳಸ್ತಿದ್ದ ಸಾಮಾನು. ಧೂಪ ಹಾಕಿ, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಬರೋದು. ಅವರು ಬಂದು ತಗೊಳ್ತಾರೆ ಅಂತ. ಸ್ವಲ್ಪ ಹೊತ್ತು ಬಿಟ್ಟು ಬಾಗಿಲು ತಟ್ಟಿ ಒಳಗೆ ಹೋಗೋದು. ವರ್ಷ ತುಂಬದೆ ಹೊಸದಾಗಿ ಹೋದೋರಿಗೆ ಇಡಬಾರದು, ಅವರಿಗಿನ್ನೂ ದಾರಿ ಗೊತ್ತಿರಲ್ಲ ಅಂತ ನನ್ನ ಓರಗಿತ್ತಿ ಹೇಳಿದಳು. ನನ್ನ ಗಂಡನ ತಿಥಿಯಲ್ಲಿ ಅವಳನ್ನ ಅಂದವಳು ನಾನು. ಅವಳಿಗೆ ಎಡೆ ಇಡದೆ ಬಿಡಲಾ? ಇಡ್ತೀನಿ ಅಂದೆ.

ಫ್ಯಾಕ್ಟರಿ ಗುರುತಿನ ಚೀಟಿಯ ಫೋಟೋನೇ ದೊಡ್ಡದು ಮಾಡಿಸಿದ್ದು, ಅದನ್ನ ಗೋಡೆಗೆ ಒರಗಿಸಿದೆ. ಆ ಗೋಡೆಗೇ. ಮುದ್ದೆ, ಕೋಳಿ ಸಾರು, ಕಜ್ಜಾಯ, ಬೇಕರಿಯಿಂದ ದಿಲ್‌ಪಸಂದ್. ಅವಳ ಹಸಿರು ಸೀರೆ, ಬಳೆ, ಅರಿಶಿನ ಕುಂಕುಮ. ಬಳಸ್ತಿದ್ದ ಸಾಮಾನು ಅಂದರೆ ಕತ್ತರಿ, ನೋಟ್‌ಬುಕ್ಕು. ಮತ್ತೆ ಕ್ಯಾಸೆಟ್ಟು. ಅದನ್ನ ಹಿಂದಿನ ದಿನ ಯಾರನ್ನೂ ಕೇಳದೆ ಬೀರುವಿಂದ ಸೊಂಟಕ್ಕೆ ಸಿಕ್ಕಿಸಿಕೊಂಡು ತಂದಿದ್ದೆ. ಅವಳದೇ ದನಿ ಅದರಲ್ಲಿದೆ, ಅದನ್ನ ಇಡದೆ ಕತ್ತರಿ ಇಟ್ಟು ಏನು ಮಾಡೋದು? ಫೋಟೋದ ಕಾಲಿಗೆ ಒರಗಿಸಿ ನಿಲ್ಲಿಸಿ, ಅದಕ್ಕೂ ಒಂದು ಬೊಟ್ಟು ಕುಂಕುಮ ಇಟ್ಟೆ. ಮಣ್ಣಿನ ಮಡಕೆಯಲ್ಲಿ ಕೆಂಡ ಹಾಕಿ ಸಾಂಬ್ರಾಣಿ ಸುರಿದೆ. ಕಿಟಕಿ ಹಾಕಿದೆ, ಬಾಗಿಲು ಎಳೆದುಕೊಂಡೆ. ನಾನೂ ಮಗನೂ ಓಣಿಯಲ್ಲಿ ಮೆಟ್ಟಿಲ ಮೇಲೆ ಕೂತ್ವಿ. ಒಳಗೆ ಏನೋ ಸಣ್ಣಗೆ ಸದ್ದಾಯ್ತು. ಮಗ ನನ್ನ ಮುಖ ನೋಡಿದ. ಇಲಿ ಅಂದೆ.

ಕಾಲು ಗಂಟೆ ಬಿಟ್ಟು ತಟ್ಟಿ ಒಳಗೆ ಹೋದೆ. ಹೊಗೆ ಬಿಟ್ಟು ಕಣ್ಣಿಗೆ ಏನೂ ಕಾಣಲಿಲ್ಲ. ಹೊಗೆ ತಿಳಿಯಾದಾಗ ನೋಡಿದರೆ ಎಲೆ, ಸೀರೆ, ಬಳೆ ಎಲ್ಲ ಇಟ್ಟ ಹಾಗೇ ಇವೆ. ಕ್ಯಾಸೆಟ್ ಒಂದೇ ನಿಂತ ಜಾಗದಲ್ಲಿ ಇಲ್ಲ. ಒಂದು ಗೇಣು ಮುಂದಕ್ಕೆ ಬಂದು ಧೂಪದ ಮಡಕೆಗೆ ಒರಗಿತ್ತು. ಒಂದು ಮಗ್ಗುಲು ಬೆಲ್ಲದ ಹಾಗೆ ಕರಗಿ, ಒಳಗಿನ ರೀಲು ಸುರುಟಿಕೊಂಡು ಮಡಕೆಗೆ ಅಂಟಿತ್ತು.

ನೆಲ ಓರೆ ಇತ್ತು, ಜಾರಿರಬಹುದು. ಇಲಿಯೂ ಇರಬಹುದು. ನಾನು ಬೇರೆ ಏನೂ ಹೇಳಲ್ಲ. ಮಗ ಮಾ‌ತ್ರ ಬಾಗಿಲಲ್ಲೇ ನಿಂತು, "ಬಿಡಮ್ಮ, ಅವಳದು ಅವಳು ತಗೊಂಡಳು" ಅಂದ. ಅವನ ಕೆನ್ನೆಗೆ ಹೊಡೆಯೋಣ ಅನ್ನಿಸಿತು. ಅವನು ಹೇಳಿದ್ದು ಸರಿ ಇರಬಹುದು ಅಂತ ಅನ್ನಿಸಿದ್ದಕ್ಕೆ.

ಶನಿವಾರ ಆ ಕರಗಿದ ಕ್ಯಾಸೆಟ್ಟನ್ನ ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿ ಮೇಡಮ್ಮಿಗೆ ಕೊಟ್ಟೆ. ಕದ್ದುಕೊಂಡು ಹೋಗಿದ್ದೆ, ಸುಟ್ಟೆ ಅಂದೆ. ಅವರು ಅದನ್ನ ಕೈಯಲ್ಲಿ ಹಿಡಿದುಕೊಂಡು ಕುಂಕುಮದ ಬೊಟ್ಟನ್ನೇ ನೋಡಿದರು. ಬೈಯಲಿಲ್ಲ. ಅವಳು ಅದರಲ್ಲಿ ಏನಂದಿದ್ದಳು ಅಂತ ನಿಮಗೆ ನೆನಪಿದೆಯಾ ಅಂತ ಕೇಳೋಕೆ ಬಾಯಿವರೆಗೂ ಬಂತು. ನಾನು ಕೇಳೋ ಮುಂಚೆ ಅವರೇ ಹೇಳಿದರು, ಪ್ರತಿ ತಿಂಗಳು ಹತ್ತು ಜನರದು ಕೇಳುತ್ತೇನೆ, ನಿಮ್ಮ ಬಗ್ಗೆ ಎಂಬುದೊಂದು ನೆನಪಿದೆ, ಹಾಲಿನ ವಿಷಯ ಏನೋ ಇತ್ತು ಅಂತ.

ಹಾಲಿನ ವಿಷಯ. ಅದು ನನಗೂ ಗೊತ್ತಿತ್ತು.

ಸಾಯಂಕಾಲ ರೂಮು ಗುಡಿಸ್ತಾ ಇದ್ದಾಗ ಗೊತ್ತಾಯ್ತು, ನನ್ನ ಬಾಯಿ ಏನೋ ಆಡ್ತಾ ಇದೆ. ಕೆಮ್ಮಿಂದ ಹಿಡಿದು ಟಕ್ ವರೆಗೆ. ಹದಿನೈದು ಶನಿವಾರ ಒಂದೇ ಮೂರು ನಿಮಿಷ ಕೇಳಿದ್ದೆ. ಅರ್ಥ ಗೊತ್ತಿಲ್ಲದ ಮಾತು ಅರ್ಥ ಗೊತ್ತಿಲ್ಲದ ಹಾಗೇ ಒಳಗೆ ಕೂತಿತ್ತು, ತಡವರಿಸಿದ ಕಡೆ ತಡವರಿಸಿಕೊಂಡು, ನಕ್ಕ ಕಡೆ ನಕ್ಕು. ಪೊರಕೆ ಹಿಡಿದುಕೊಂಡು ನಿಂತುಬಿಟ್ಟೆ. ಅವತ್ತಿಂದ ದಿನಾ ಒಂದು ಸಲ ಹೇಳಿಕೊಳ್ತಿದ್ದೆ, ಮರೆಯದ ಹಾಗೆ. ಕಾರಿಡಾರಲ್ಲಿ ನೀರು ಹಾಕಿ ತಳ್ಳುವಾಗ, ಅತ್ತಿಗುಪ್ಪೆ ಕಡೆಗೆ ರೇಷನ್ನಿಗೆ ನಡೆಯುವಾಗ. ಒಂದು ದಿನ ಮಗ ಸ್ನಾನದ ಮನೆ ಬಾಗಿಲು ತಟ್ಟಿದ. ಹೊರಗೆ ಬಂದೆ. "ಅವಳ ಹಾಗೇ ಕೇಳಿಸ್ತು ಕಣಮ್ಮ," ಅಂದ. ಮನೆಯಲ್ಲಿ ಹೇಳಿಕೊಳ್ಳೋದು ಬಿಟ್ಟೆ.

ಆದರೆ ಮಾತು ಅನ್ನೋದು ದಿನಾ ಬಳಸಿದರೆ ಸವೆಯತ್ತೆ. ನವೆಂಬರ್ ಬರೋ ಹೊತ್ತಿಗೆ ಎಲ್ಲೆಲ್ಲಿ ಅವಳದು, ಎಲ್ಲೆಲ್ಲಿ ನನ್ನದು ಅನ್ನೋ ಅನುಮಾನ ಶುರುವಾಯ್ತು. ಇನ್ನು ತಡಮಾಡಿದರೆ ಏನೂ ಉಳಿಯಲ್ಲ.

ಡಿಸೆಂಬರಲ್ಲಿ ಪರೀಕ್ಷೆ. ಬರೆಯೋದರಲ್ಲಿ ನನಗೆ ಸೊನ್ನೆ, ಅದು ಎಲ್ಲರಿಗೂ ಗೊತ್ತಿತ್ತು. ಬಾಯಿ ಪರೀಕ್ಷೆಗೆ ಒಬ್ಬೊಬ್ಬರನ್ನೇ ಕರೆದರು. "ಸಿಯೆತೆ" ಅಂದಾಗ ಒಳಗೆ ಹೋಗಿ ಕೂತೆ. ನಿಮ್ಮ ಮನೆಯ ಬಗ್ಗೆ ಹೇಳಿ ಅಂತ ಮೇಡಮ್ಮು ಆ ಭಾಷೇಲಿ ಕೇಳಿದರು. ನಾನು ನನ್ನದೇ ನಾಲ್ಕು ವಾಕ್ಯ ಕಟ್ಟಿಕೊಂಡು ಹೋಗಿದ್ದೆ. ಬಾಯಿ ತೆರೆದರೆ ಮೊದಲು ಒಂದು ಕೆಮ್ಮು ಬಂತು, ಅವಳ ಕೆಮ್ಮು. ಆಮೇಲೆ ಮಿಕ್ಕಿದ್ದೆಲ್ಲ ಬಂತು. ನಿಲ್ಲಿಸೋಕಾಗಲಿಲ್ಲ. "ಆಯ್ ತಿಯೆಂಪೊ" ಅಂತ ಮುಗಿದಾಗ ಮೇಡಮ್ಮು ಪೆನ್ನು ಕೆಳಗಿಟ್ಟಿದ್ದರು.

"ಅಮ್ಮ, ಅರ್ಥ ಹೇಳಲೇ?"

ಈ ಸಲ ಹೇಳಿ ಅಂದೆ. ಬೇರೆ ದಾರಿ ಉಳಿದಿರಲಿಲ್ಲ.

ಮನೆ ಚಿಕ್ಕದು, ಮೂವರಿದೀವಿ ಅನ್ನೋದಾದ ಮೇಲಿನದನ್ನ ಅವರು ಕಣ್ಣು ಮುಚ್ಚಿಕೊಂಡು ನಿಧಾನಕ್ಕೆ ಹೇಳಿದರು. "ನಾನು ಮತ್ತು ನನ್ನ ಅತ್ತೆ ಮಾತಾಡುವುದಿಲ್ಲ. ನಾವು ಗೋಡೆಯೊಡನೆ ಮಾತಾಡುತ್ತೇವೆ. ಒಂದು ದಿನ ಹಾಲು ಮೇಲೆ ಬರುತ್ತದೆ. ಅತ್ತೆ ನೋಡುತ್ತಾರೆ. ನಾನು ನೋಡುತ್ತೇನೆ. ಯಾರೂ ಹೇಳುವುದಿಲ್ಲ. ಹಾಲು ಬೀಳುತ್ತದೆ. ಅತ್ತೆ ಗೋಡೆಯ ಕಡೆ ತಿರುಗಿ ನಗುತ್ತಾರೆ." ಇಲ್ಲಿ ಅವಳು ನಗುತ್ತಾಳೆ ಅಂತ ಹೇಳಿ ಮುಂದುವರಿಸಿದರು. "ನಾನು ನೋಡುತ್ತೇನೆ. ಅದು ಅತ್ತೆಗೆ ಗೊತ್ತಿಲ್ಲ. ಅತ್ತೆ ದೊಡ್ಡವರು. ಮೊದಲು ಅವರು ಮಾತಾಡಲಿ. ನಾನು ಕಾಯುತ್ತೇನೆ. ಸಮಯ ಇದೆ."

"ಕಾಫಿ ವಿಷಯ?" ಅಂತ ಕೇಳಿದೆ.

"ಕಾಫಿಯ ಮಾತಿಲ್ಲ ಅಮ್ಮ."

ಸರಿಯಾಗಿ ನೋಡಿ ಅಂದೆ, ಎದುರಿಗೆ ಕಾಗದ ಇದ್ದ ಹಾಗೆ. ಅವರು ಇಲ್ಲ ಅಂತ ತಲೆಯಾಡಿಸಿದರು. ಇದ್ದಿದ್ದರೆ ಚೆನ್ನಾಗಿತ್ತು. ಬೈಸಿಕೊಳ್ಳೋಕೆ ಆರು ತಿಂಗಳಿಂದ ತಯಾರಾಗಿದ್ದೆ, ಅದಕ್ಕೆ ನನ್ನ ಹತ್ತಿರ ಉತ್ತರವೂ ಇತ್ತು.

ಮೇಡಮ್ಮು ಕನ್ನಡಕ ಒರೆಸಿಕೊಂಡು ಪೆನ್ನು ಎತ್ತಿಕೊಂಡರು. "ಇದು ಅವಳ ಉತ್ತರ. ಪರೀಕ್ಷೆ ನಿಮ್ಮದು ಅಮ್ಮ. ನಿಮ್ಮದನ್ನು ಹೇಳಿ."

ಎನ್ ಮಿ ಕಾಸ ಸೋಮೋಸ್ ತ್ರೆಸ್ ಅಂದೆ. ಮೂವರು. ಅವರು ತಲೆ ಎತ್ತಿ, ತ್ರೆಸ್? ಅಂದರು. ತ್ರೆಸ್ ಅಂದೆ. ಆಮೇಲೆ ಸೊಸೆಗೆ ಆ ಭಾಷೆಯ ಮಾತು ಹುಡುಕಿಕೊಂಡು ಹೇಳಿದೆ: "ಮಿ ನ್ವೇರ ನೊ ಆಬ್ಲ. ಯೊ ಆಬ್ಲೊ." ನನ್ನ ಸೊಸೆ ಮಾತಾಡಲ್ಲ. ನಾನು ಮಾತಾಡ್ತೀನಿ.

ಪಾಸ್ ಮಾಡಿದರು ಅಂತ ಆಮೇಲೆ ಗೊತ್ತಾಯ್ತು.

ಆ ಮನೆ ಬಿಟ್ಟು ಎಷ್ಟೋ ವರ್ಷ ಆಯ್ತು. ಓನರು ಅದನ್ನ ಒಡೆದು ನಾಲ್ಕು ಮಹಡಿ ಕಟ್ಟಿದ್ದಾರೆ, ಆ ಗೋಡೆ ಈಗಿಲ್ಲ. ಅವಳ ಪೆಟ್ಟಿಗೆಯಲ್ಲಿ ಒಂದು ಹಿಡಿ ಲೇಬಲ್ ಸಿಕ್ಕಿತ್ತು, ಅದರಲ್ಲಿ ಏನಿದೆ ಅಂತ ಪಕ್ಕದ ಮನೆಯವರ ಹತ್ತಿರ ಅಕ್ಷರ ಓದಿಸಿ ಕೇಳಿಸಿಕೊಂಡೆ. ಲವಾರ್ ಆ ಮಾನೊ. ಕೈಯಲ್ಲಿ ಒಗೆಯಿರಿ. ಎಂಟು ವರ್ಷ ಅವಳು ಹೊಲಿದಿದ್ದು ಅಷ್ಟೇ.

ಈಗಿನ ಮನೆಯಲ್ಲೂ ಅಡುಗೆಮನೆಗೂ ರೂಮಿಗೂ ನಡುವೆ ಗೋಡೆ ಇದೆ. ಹಾಲಿಟ್ಟು ಬಂದು ಕೂತರೆ ಈಗಲೂ ಹೇಳ್ತೀನಿ. ಕನ್ನಡದಲ್ಲೇ, ಗೋಡೆಗಲ್ಲ, ಅತ್ತೆ ಸೊಸೆಗೆ ಹೇಳೋ ಹಾಗೆ. ಹಾಲು ಉಕ್ಕತ್ತೆ ಕಣೇ, ಆರಿಸು ಅಂತ. ಒಂದು ಗಳಿಗೆ ಕಾಯ್ತೀನಿ. ಆಮೇಲೆ ನಾನೇ ಎದ್ದು ಹೋಗ್ತೀನಿ. ಒಂದೊಂದು ದಿನ ಹೋಗಿಯೂ ಆರಿಸಲ್ಲ. ಬಾಗಿಲಲ್ಲಿ ನಿಂತು, ಮೇಲೆ ಬಂದು ಸುರಿಯೋ ತನಕ ನೋಡ್ತೀನಿ.